ಸುಂಕದವನ ಮುಂದೆ

ಚಾಮರಾಜನಗರ
12 ಫೆಬ್ರವರಿ 1995

ರುದ್ರ,

ಅವರು ಕೇಳಿದರೆ ಏನು ಹೇಳುವುದು ಎಂದು ಅಂದದ್ದು ನೀನೋ ಮೊಯ್ದುವೋ, ಈಗ ಸರಿಯಾಗಿ ನೆನಪಿಲ್ಲ. ಮಾತು ಮಾತ್ರ ಉಳಿದುಕೊಂಡಿದೆ. ಎಸರಿಡುವಾಗ, ಕಚೇರಿಯಲ್ಲಿ ರೇಷ್ಮೆಗೂಡಿನ ಲೆಕ್ಕ ಟೈಪು ಮಾಡುವಾಗ ತಾನಾಗಿ ಬರುತ್ತದೆ.

ನೀನು ಶಾರ್ಜಾಕ್ಕೆ ಹೊರಟ ಬೆಳಿಗ್ಗೆ ಈ ಬಾಡಿಗೆ ಮನೆಯ ನಡುಮನೆಯಲ್ಲಿ ಕೂತಿದ್ದೆ. ಮೊಯ್ದು ಹೊಸ್ತಿಲಾಚೆ ನಿಂತಿದ್ದ. ಕೇರಳದ ಬತ್ತೇರಿಯಿಂದ ಗುಂಡ್ಲುಪೇಟೆ ಮಂಡಿಗೆ ಟೊಮೇಟೊ ಕೊಳ್ಳಲು ಬರುತ್ತಿದ್ದ ಕಾಲದಿಂದ ಅವನಿಗೆ ನಮ್ಮ ಮಾತೆಲ್ಲ ಬರುತ್ತದೆ. ಶಾರ್ಜಾದಲ್ಲಿ ತಾನು ಸೇರಿದ ಕಂಪನಿಯಲ್ಲೇ ನಿನಗೆ ವೆಲ್ಡಿಂಗ್ ಕೆಲಸ ಕೊಡಿಸಿದವನೂ ಅವನೇ. ನಿನ್ನ ಎದೆಯ ಮೇಲಿನ ಲಿಂಗದ ಕರಡಿಗೆ ನೋಡಿ, "ಬೆಳ್ಳಿ ಡಬ್ಬಿ, ಒಳ್ಗೆ ಕಲ್ಲು. ಕಸ್ಟಮ್ಸ್‌ನೋರು ತಗಿ ಅಂತಾರೆ, ತಗುದ್ರೆ ಏನಿದು ಅಂತಾರೆ. ಯಾಕ್ಲಾ ಇಲ್ದಿದ್ ತಂಟೆ? ಅಕ್ಕನ ತಾವ ಬುಟ್ಬುಡು" ಎಂದ. ನೀನು ಶಿವದಾರವನ್ನು ತಲೆಯ ಮೇಲಿಂದ ತೆಗೆದು ನನ್ನ ಕೈಗೆ ಕೊಟ್ಟೆ. ಹುಟ್ಟಿದಾಗ ಅವ್ವ ಕಟ್ಟಿಸಿದ ಲಿಂಗ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡಾಗಲೂ ನಿನ್ನ ಮೈಯಿಂದ ಇಳಿದಿರಲಿಲ್ಲ.

ಅದು ಇಲ್ಲೇ ಇದೆ, ದೇವರ ಜಗಲಿಯ ಮೇಲೆ, ಬಿಳಿ ಬಟ್ಟೆಯಲ್ಲಿ. ಕರಡಿಗೆಯ ಮುಚ್ಚಳ ಸಡಿಲವಾಗಿದ್ದುದರಿಂದ ದಾರ ಸುತ್ತಿದ್ದೇನೆ. ದಿನವೂ ನನ್ನ ಪೂಜೆಯಾದ ಮೇಲೆ ಒಮ್ಮೆ ನೋಡುತ್ತೇನೆ, ತೆರೆಯುವುದಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಹಾಗಿಲ್ಲ. ಅಷ್ಟರಮಟ್ಟಿಗೆ ಅದು ಉಪವಾಸ.

ಬರುವಾಗ ಏನು ತಂದರೆ ಸುಂಕ, ಏನು ತಂದರೆ ಇಲ್ಲ ಎಂದು ಕೇಳಿದ್ದೀಯ. ನಮ್ಮ ಸೂಪರಿಂಟೆಂಡೆಂಟ್ ಗುರುಪಾದಸ್ವಾಮಿಗಳ ಅಳಿಯ ದೋಹಾದಲ್ಲಿದ್ದು ಬಂದವರು. ವಿಚಾರಿಸಿ ಬರೆಯುತ್ತೇನೆ.

ನಿನ್ನ ಅಕ್ಕ,
ಶಾಂತಮಲ್ಲಮ್ಮ


ಶಾರ್ಜಾ
9 ಮಾರ್ಚ್ 1995

ಅಕ್ಕ,

ಕ್ಷೇಮ ಎಂದು ಮೊದಲೇ ಬರೆದುಬಿಟ್ಟರೆ ಆಮೇಲೆ ಬರೆಯಲು ಏನೂ ಉಳಿಯುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಕೆಲಸ ಅದೇ. ಟ್ರೇಲರುಗಳ ಅಡಿಯಲ್ಲಿ ಮಲಗಿ ಬೆಸೆಯುವುದು. ಹೊಗೆ ಮೇಲೆ ಹೋಗಬೇಕು, ಇಲ್ಲಿ ಮೇಲೆ ಹೋಗಲು ಜಾಗವಿಲ್ಲದೆ ಮುಖಕ್ಕೇ ಬರುತ್ತದೆ. ಸ್ವಲ್ಪ ಕೆಮ್ಮು. ಎಲ್ಲರಿಗೂ ಇದೆ.

ನಮ್ಮ ಕ್ಯಾಂಪಿಗೆ ಬಾಗಲಕೋಟೆಯವರೊಬ್ಬರು ಬಂದಿದ್ದಾರೆ. ಮೊನ್ನೆ ಸ್ನಾನ ಮಾಡುವಾಗ ನೋಡಿದೆ, ಕೊರಳಲ್ಲಿ ಕರಡಿಗೆ. ಕಸ್ಟಮ್ಸ್‌ನವರು ಹಿಡಿಯಲಿಲ್ಲವೇ ಎಂದು ಕೇಳಿದೆ. "ಮೈಮ್ಯಾಲಿಂದು ಯಾಂವ ಕೇಳ್ತಾನೋ ಮಾರಾಯ? ಪೆಟ್ಟಿಗಿ ತಗಿ ಅಂದ್ರು, ತಗದೆ. ಎದಿ ತಗಿ ಅನ್ಲಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರು. ನಾನು ಬಟ್ಟೆ ಒಗೆಯುವ ನೆಪ ಮಾಡಿ ಎದ್ದು ಹೋದೆ. ಯಾರೂ ಕೇಳದ ಪ್ರಶ್ನೆಗೆ ಹೆದರಿ ತೆಗೆದಿಟ್ಟು ಬಂದೆ ಎಂದು ಅವರಿಗೆ ಹೇಳಲಾಗಲಿಲ್ಲ.

ಇನ್ನು ಇಲ್ಲಿ ಸಾಕು ಅನ್ನಿಸಿದೆ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಚಿಕ್ಕಪ್ಪನ ಶೆಡ್ಡು ಖಾಲಿ ಇದೆಯಲ್ಲ, ಅಲ್ಲಿ ಲಾರಿ ಬಾಡಿ ಕಟ್ಟುವ ಕೆಲಸ ಹಿಡಿಯಬಹುದು. ನಾನು ಇಲ್ಲಿ ಬಳಸುವ ವೆಲ್ಡಿಂಗ್ ಸೆಟ್ಟನ್ನು ಕಂಪನಿ ನನಗೇ ಕೊಡುತ್ತದಂತೆ. ಅದರ ಹಿಡಿಯಲ್ಲಿ ನನ್ನ ಬೆರಳು ಕೂರುವ ಗುಳಿ ಬಿದ್ದಿದೆ. ಅಂಥದ್ದು ಊರಲ್ಲಿ ಸಿಗುವುದಿಲ್ಲ. ಅದಕ್ಕೂ ಸುಂಕ ಕೇಳುತ್ತಾರೆಯೇ, ಅದನ್ನು ತಿಳಿದುಕೋ.

ರುದ್ರ


ಚಾಮರಾಜನಗರ
16 ಏಪ್ರಿಲ್ 1995

ರುದ್ರ,

ಕೊನೆಗೆ ಇಟ್ಟುಕೊಂಡಿದ್ದೇನೆ ಎಂದ ಕ್ಷೇಮ ನಿನ್ನ ಪತ್ರದ ಕೊನೆಯಲ್ಲಿ ಇರಲಿಲ್ಲ. ತಿರುಗಿಸಿ ನೋಡಿದೆ.

ಗುರುಪಾದಸ್ವಾಮಿಗಳು ಅಳಿಯನ ಹತ್ತಿರವಿದ್ದ ಇಂಗ್ಲಿಷಿನ ಪುಸ್ತಿಕೆ ತಂದುಕೊಟ್ಟರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನನಗೆ ತಿಳಿದಷ್ಟು ಹೀಗೆ. ಸ್ವಲ್ಪ ಕಾಲ ಇದ್ದು ಬರುವವರಿಗೆ ಸ್ವಲ್ಪವೇ ರಿಯಾಯಿತಿ. ಎರಡು ವರ್ಷ ತುಂಬಿಸಿ, ಇನ್ನು ಹೋಗುವುದಿಲ್ಲ ಎಂದು ವಾಪಸು ಬರುವವರಿಗೆ ದೊಡ್ಡ ರಿಯಾಯಿತಿ. ಮನೆ ಸಾಮಾನು, ಕಸುಬಿನ ಸಾಮಾನು ತರಬಹುದು. ಅವು ನಿನ್ನವೇ ಆಗಿರಬೇಕು, ಬಳಸಿದವಾಗಿರಬೇಕು. ನಿನ್ನ ಎರಡು ವರ್ಷ ತುಂಬುವುದು ನವೆಂಬರಿಗೆ. ಒಂದೆರಡು ತಿಂಗಳು ಕಡಿಮೆಯಾದರೂ ಕಾರಣ ಸರಿಯಿದ್ದರೆ ಅಧಿಕಾರಿ ಮನ್ನಿಸಬಹುದು ಎಂದೂ ಇದೆ. ಅಂದರೆ ಸೆಪ್ಟೆಂಬರಿಗೆ ಬರಬಹುದು. ಕೆಮ್ಮು ಸರಿಯಾದ ಕಾರಣವೇ.

ಸೆಟ್ಟನ್ನು ಬಿಟ್ಟು ನಾಳೆಯೇ ಬಂದರೂ ಯಾರೂ ಏನೂ ಅನ್ನುವುದಿಲ್ಲ. ಅದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆದಿದ್ದೇನೆ.

ಪುಸ್ತಿಕೆಯ ಕೊನೆಯಲ್ಲಿ ಇನ್ನೂ ಒಂದು ರಿಯಾಯಿತಿ ಇದೆ. ಅದು ನಮಗೆ ಬೇಡ.

ಚಿಕ್ಕಪ್ಪ ಬಂದಿದ್ದರು. "ಬತ್ತನೋ, ಇಲ್ಲ ಅಲ್ಲೇ ಒಂಟೆ ಮೇಯಿಸ್ಕಂಡು ಇದ್ಬುಟ್ಟನೋ? ಶೆಡ್ಡಲ್ಲಿ ಕೋಳಿ ಮೊಟ್ಟೆ ಇಕ್ತಾವೆ, ಅವ್ಕೇ ವೆಲ್ಡಿಂಗ್ ಕಲ್ಸಬೇಕಾಯ್ತದೆ ಅಂತ ಬರಿ" ಅಂದರು. ಬರೆದಿದ್ದೇನೆ.

ಅಕ್ಕ


ಶಾರ್ಜಾ
4 ಜೂನ್ 1995

ಅಕ್ಕ,

ನವೆಂಬರಿಗೇ ಬರುತ್ತೇನೆ. ಸೆಪ್ಟೆಂಬರಿಗೆ ಬಂದರೆ ಅಧಿಕಾರಿಯ ಮುಂದೆ ನಿಂತು ಕಾರಣ ಹೇಳಬೇಕು. ಶಾಲೆಗೆ ಇನ್‌ಸ್ಪೆಕ್ಟರ್ ಬಂದು ಹೆಸರೇನು ಎಂದಾಗ ಹೆಸರು ಮರೆತು ನಿಂತವನು ನಾನು, ನಿನಗೆ ನೆನಪಿರಬೇಕು. ನೀನು ಪಕ್ಕದ ಸಾಲಿನಿಂದ ಹೇಳಿದೆ, ಅವನು ನಿನಗೆ ಬೈದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅಂತ ಅವ್ವ ಅನ್ನುತ್ತಿದ್ದಳು. ಎರಡು ವರ್ಷ ತುಂಬಿದ ಮೇಲೆ ಯಾರೂ ಏನೂ ಕೇಳುವ ಹಾಗಿಲ್ಲ. ಪಾಸ್‌ಪೋರ್ಟು ಕೊಟ್ಟು ಸುಮ್ಮನೆ ನಿಂತರೆ ಆಯಿತು.

ಇಲ್ಲಿಯ ಪೇಟೆಯಲ್ಲಿ ಒಬ್ಬ ಗುಜರಾತಿನ ಅಕ್ಕಸಾಲಿಗನ ಹತ್ತಿರ ಬೆಳ್ಳಿ ಕರಡಿಗೆ ಮಾಡಿಸಿದೆ. ಒಳಗೆ ಇಡುವ ಕಲ್ಲು ಎಷ್ಟು ದೊಡ್ಡದು ಎಂದು ಕೇಳಿದ. ಹೆಬ್ಬೆರಳು ತೋರುಬೆರಳು ಹಿಡಿದು ತೋರಿಸಿದೆ. ಅಳತೆ ಕೈಗೆ ನೆನಪಿತ್ತು. ಮುಚ್ಚಳ ಗಟ್ಟಿಯಾಗಿದೆ.

ಮೊಯ್ದು ರಜೆಯ ಮೇಲೆ ಬರುತ್ತಿದ್ದಾನೆ. ಅವನ ಕೈಲಿ ಲಿಂಗ ಕೊಟ್ಟು ಕಳುಹಿಸುತ್ತೀಯಾ? ಊರಿಗೆ ಬಂದೇ ಧರಿಸಬಹುದು, ನಿಜ. ಆದರೂ ಕೇಳಬೇಕು ಅನ್ನಿಸಿತು.

ರುದ್ರ


ಚಾಮರಾಜನಗರ
23 ಜುಲೈ 1995

ರುದ್ರ,

ಮೊಯ್ದು ಬಂದಿದ್ದ. ಒಳಗೆ ಬಾ ಎಂದರೂ ಮೆಟ್ಟಿಲ ಮೇಲೆಯೇ ಕೂತ. ಕಾಫಿ ಕುಡಿದು ಲೋಟ ತೊಳೆದಿಟ್ಟ.

"ಅಕ್ಕಾ, ರುದ್ರ ಏಳವ್ನೆ. ಅದ ಕೊಡ್ಬೇಕಂತೆ."

"ಯಾವುದು?"

"ಅದೇ" ಎಂದು ಎದೆ ಮುಟ್ಟಿಕೊಂಡ. "ನಾನ್ ಮುಟ್ಟಾಕಿಲ್ಲ. ಬಟ್ಟೇಲಿ ಸುತ್ತಿ ಅರಿಸಿನದ ಡಬ್ಬೀಲಿ ಮಡಗಿ, ಮೇಲೆ ಅರಿಸಿನ ತುಂಬುಡಿ. ಕಸ್ಟಮ್ಸ್‌ನೋನು ಕೈ ಆಕಿದ್ರೆ ಅವನ್ ಕೈಯೇ ಅಳದಿ ಆಯ್ತದೆ. ಮದ್ವೆಗಂಡಂಗೆ ಕಾಣ್ತನೆ."

ನನಗೂ ನಗು ಬಂತು. ಒಳಗೆ ಹೋಗಿ ಜಗಲಿಯ ಮುಂದೆ ನಿಂತೆ. ಎಷ್ಟು ಹೊತ್ತು ನಿಂತೆನೋ, ಅವನು ಹೊರಗಿನಿಂದ ಕೆಮ್ಮಿದ.

ಹಿಂದಿನ ವಾರ ಮಠದ ಗುರುಸಿದ್ದಯ್ಯನವರನ್ನು ಕೇಳಿದ್ದೆ. "ಲಿಂಗ ಪಾರ್ಸಲ್ ಅಲ್ಲ ಕಣಮ್ಮ. ಗುರುವಿನ ಕೈಯಿಂದ ಬರಬೇಕು, ಇಲ್ಲ ಮೈಮೇಲೆ ಬರಬೇಕು. ಕಾದಿದ್ದಾನೆ, ಇನ್ನೊಂದು ನಾಲ್ಕು ತಿಂಗಳು ಕಾಯಲಿ" ಎಂದಿದ್ದರು. ಅದನ್ನು ಮೊಯ್ದುವಿಗೆ ಹೇಳಲಿಲ್ಲ. ಮೊಯ್ದುವಿಗೆ ಹೇಳಿದ್ದು, "ನವೆಂಬರಿಗೆ ಅವನೇ ಬರ್ತಾನಲ್ಲಪ್ಪ. ದಾರೀಲಿ ಕೇಳಿದರೆ ನೀನೇನು ಹೇಳ್ತೀಯ?"

"ನನ್ ಮೇಲೆ ಅನುಮಾನವಾ ಅಕ್ಕ?" ಎಂದ. ಅಲ್ಲ ಎಂದೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಅನುಮಾನ ಅವನ ಮೇಲೆ ಅಲ್ಲವಾದರೆ ಯಾರ ಮೇಲೆ ಎಂದು ಅವನು ಕೇಳಲಿಲ್ಲ.

ಅರಿಸಿನದ ಡಬ್ಬಿ ಮಾತ್ರ ಕೊಟ್ಟಿದ್ದೇನೆ, ಬರೀ ಅರಿಸಿನ. ಹಾಲಿಗೆ ಹಾಕಿ ಕುಡಿ. ಕೆಮ್ಮಿಗೆ ಒಳ್ಳೆಯದು.

ಅಕ್ಕ


ಶಾರ್ಜಾ
10 ಸೆಪ್ಟೆಂಬರ್ 1995

ಅಕ್ಕ,

ಅರಿಸಿನ ತಲುಪಿತು. ನೀನು ಮಾಡಿದ್ದೇ ಸರಿ.

ಬಾಗಲಕೋಟೆಯವರು ಊರಿಗೆ ಹೊರಟುಹೋದರು. ಈಗ ಕ್ಯಾಂಪಿನಲ್ಲಿ ನಮ್ಮ ಕಡೆಯವರು ಯಾರೂ ಇಲ್ಲ, ಮೊಯ್ದು ಬಿಟ್ಟರೆ. ರೊಟ್ಟಿ ಅವನೇ ತಂದುಕೊಡುತ್ತಾನೆ. ಮೆಟ್ಟಿಲು ಹತ್ತಿದರೆ ಏದುಸಿರು ನಿಲ್ಲುವುದಿಲ್ಲ, ಅದಕ್ಕೆ ಕೆಳಗಿನ ಮಂಚ ಕೊಟ್ಟಿದ್ದಾರೆ. ಧೂಳು ಜಾಸ್ತಿ ಇರುವ ತಿಂಗಳು.

ಒಂದು ವಿಚಾರ. ಬೆಳಿಗ್ಗೆ ಸ್ನಾನ ಮಾಡಿ ಎಡಗೈ ಅಂಗೈ ಬಿಚ್ಚಿ ಕೂರುತ್ತೇನೆ. ಬರೀ ಅಂಗೈಯನ್ನೇ ನೋಡುತ್ತೇನೆ. ಬೆಸುಗೆಯ ಬೆಳಕು ನೋಡಿ ನೋಡಿ ಕಣ್ಣಲ್ಲಿ ಯಾವಾಗಲೂ ಒಂದು ಕಪ್ಪು ಚುಕ್ಕೆ ಇರುತ್ತದೆ. ಅಂಗೈ ನೋಡಿದರೆ ಅದು ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಇದು ತಪ್ಪೋ ಏನೋ, ಗುರುಸಿದ್ದಯ್ಯನವರನ್ನು ಕೇಳಬೇಡ.

ಸೆಟ್ಟನ್ನು ಪೆಟ್ಟಿಗೆಗೆ ಹಾಕಿಸಿದ್ದೇನೆ. ಕರಡಿಗೆಯೂ ಅದರಲ್ಲೇ ಇದೆ.

ರುದ್ರ


ಗುಂಡ್ಲುಪೇಟೆ
19-10-95

ಶಾಂತಮ್ಮ,

ಈ ಚೀಟಿಯ ಚಾಮ್ರಾಜನಗರದ ಬಸ್ಸಿನ ಕಂಡಕ್ಟರ ಕೈಲಿ ಕಳಿಸ್ತಾ ಇವ್ನಿ. ಓದ್ಕಂಡು ಅದೇ ಬಸ್ಸಲ್ಲಿ ಬಂದ್ಬುಡು. ರುದ್ರ ಓಗ್ಬುಟ್ಟ ಕಣಮ್ಮಿ. ಸೋಮವಾರವೇ ಅಂತೆ. ಎದೆಲಿ ನೀರು ತುಂಬ್ಕತು ಅಂದ್ರು.

ಪಾಸ್‌ಪೋರ್ಟಲ್ಲಿ ಇಲ್ಲಿನ ವಿಳಾಸ ಇತ್ತಲ್ಲ, ಅದಕೆ ಮಂಡಿ ಫೋನಿಗೆ ಮಾಡಿದ್ರು. ಮೊಯ್ದುವೇ ಮಾತಾಡ್ದ. ಮನೆ ಗಂಡಸು ಯಾರು ಅಂತ ಕೇಳ್ತಾವ್ರೆ ಅಂದ, ನಾನೇ ಅಂದೆ. ಪೆಟ್ಟಿಗೇಲಿ ಕಳಿಸದಾ, ಇಲ್ಲೇ ಮುಗಿಸದಾ ಅಂದ. ಕಳಿಸದಾದ್ರೆ ಬಾಳ ದಿನ ಆಯ್ತದಂತೆ, ಅಲ್ಲಿಗಂಟ ಐಸಲ್ಲಿ ಮಡಗ್ತಾರಂತೆ. ನಂಗೆ ಅದು ಸರಿ ಕಾಣ್ನಿಲ್ಲ. ಅಲ್ಲಿ ಮಣ್ಣೂ ಮಣ್ಣೇ ಅಲ್ವ, ಮುಗಿಸ್ಬುಡಿ ಅಂದೆ. ನಿನ್ನ ಕೇಳ್ಬೇಕಾಗಿತ್ತು. ಫೋನು ಇಡ್ಕಂಡು ನಿಂತಿದ್ನಲ್ಲಮ್ಮಿ.

ನಿನ್ ಚಿಕ್ಕಪ್ಪ,
ಚಿಕ್ಕಮಲ್ಲಪ್ಪ


ಗುಂಡ್ಲುಪೇಟೆ
3 ಡಿಸೆಂಬರ್ 1995

ರುದ್ರ,

ಈ ಪತ್ರವನ್ನು ಎಲ್ಲಿಗೂ ಹಾಕುವುದಿಲ್ಲ. ಬರೆಯುವ ರೂಢಿ ಇಬ್ಬರಿಗೂ ಒಟ್ಟಿಗೆ ನಿಲ್ಲಲಿಲ್ಲ, ಅಷ್ಟೆ.

ನಿನ್ನೆ ಚಿಕ್ಕಪ್ಪನೂ ನಾನೂ ಕಲ್ಲಿಕೋಟೆಗೆ ಹೋಗಿದ್ದೆವು. ನಿನ್ನ ಸಾಮಾನು ವಿಮಾನದಲ್ಲಿ ಬಂದಿತ್ತು, ಮೊಯ್ದುವೂ ಜೊತೆಗೆ ಬಂದಿದ್ದ. ಬಸ್ಸು ಕಾಡು ದಾಟಿತು. ಬತ್ತೇರಿ ಕಳೆದ ಮೇಲೆ ಚಿಕ್ಕಪ್ಪ, "ಮೊಯ್ದು ಅವನ ಗುಂಡಿದು ಒಂದಿಡಿ ಮಣ್ಣು ತತ್ತನೆ. ನಿಮ್ಮವ್ವನ ಮಗ್ಗುಲಲ್ಲಿ ಆಕನ. ಲಿಂಗವ ಅದ್ರಲ್ಲೇ ಮಡಗನ" ಎಂದರು. ನಾನೂ ಹಾಗೆಯೇ ಅಂದುಕೊಂಡು ನಿನ್ನ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಮಡಿಲಿಗೆ ಸಿಕ್ಕಿಸಿಕೊಂಡು ಬಂದಿದ್ದೆ.

ಮೊಯ್ದು ಹೊರಗೆ ಕಾಯುತ್ತಿದ್ದ. ಬಾಯಿಗೆ ಬಟ್ಟೆ ಕಟ್ಟಿದ ಒಂದು ತಾಮ್ರದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಚಿಕ್ಕಪ್ಪನಿಗೆ ಕೊಟ್ಟ. ಚಿಕ್ಕಪ್ಪ ಅದನ್ನು ತೂಗಿ ನೋಡಿ, ಬಟ್ಟೆ ಬಿಚ್ಚಿದರು.

"ಇದೇನ್ಲಾ? ಮಣ್ಣೆಲ್ಲಿ?"

"ಯಾವ ಮಣ್ಣು ಚಿಕ್ಕಪ್ಪ? ಇದು ಅವನೇ." ಮೊಯ್ದು ನನ್ನ ಕಡೆ ತಿರುಗಿದ. "ಎಲ್ಲಾ ನಿಮ್ ಪದ್ಧತೀಲೇ ಮಾಡ್ಸಿವ್ನಿ ಅಕ್ಕ. ಮಂತ್ರ ಏಳೋರ ಉಡಿಕ್ಕಂಡು ಕರ್ಕಬಂದೆ. ತುಪ್ಪ ತರ್ಸಿದೆ. ಬೆಂಕಿ ಇಕ್ಕೋದ ನಾನು ಯಾವತ್ತೂ ಕಂಡಿರ್ನಿಲ್ಲ, ಆದ್ರೂ ಕೊನೆಗಂಟ ನಿಂತಿದ್ದೆ."

ಚಿಕ್ಕಪ್ಪ ಕಟ್ಟೆಯ ಮೇಲೆ ಕೂತರು. ಚೊಂಬು ತೊಡೆಯ ಮೇಲಿತ್ತು. ಅವರು ಗದರಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು. "ನಾವು ಸುಡಾಕಿಲ್ಲ ಕಣಪ್ಪ. ನಿಮ್ಮಂಗೇ ಮಣ್ಣಲ್ಲಿ ಊಣ್ತೀವಿ. ಕೂರ್ಸಿ ಊಣ್ತೀವಿ, ಎಡಗೈಲಿ ಲಿಂಗ ಮಡಗಿ."

ಮೊಯ್ದು ಬಗ್ಗಿ ಚೊಂಬಿನ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದ. ಆಮೇಲೆ, "ಇಂದೂಗಳು ಅಂದ್ರೆ ಸುಡದೇ ಅಂದ್ಕಂಡೆ. ಅಲ್ಲಿ ಎಲ್ರೂ ಅಂಗೇ ಅಂದ್ರು. ಕೊರಳಲ್ಲಿ ಅದು ಇದ್ದಿದ್ರೆ, ಇದ ಏನ್ಮಾಡ್ಬೇಕು ಅಂತಾದ್ರೂ ಫೋನಲ್ಲಿ ಕೇಳ್ತಿದ್ದೆ" ಎಂದ. ಅವನು ನನ್ನನ್ನು ನೋಡಿ ಹೇಳಲಿಲ್ಲ. ನೋಡಿ ಹೇಳಿದ್ದರೆ ಒಳ್ಳೆಯದಿತ್ತು.

ಸಾಮಾನು ಇಳಿಸುವ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಅಧಿಕಾರಿ ಕೂತಿದ್ದ. ನಿನಗಿಂತ ಚಿಕ್ಕವನು. ಅವನು ಮಲಯಾಳದಲ್ಲಿ ಕೇಳಿದ್ದನ್ನು ಮೊಯ್ದು ಕನ್ನಡದಲ್ಲಿ ನನಗೆ ಕೇಳುತ್ತಿದ್ದ. ಸಾಮಾನು ನಿನ್ನದೇ ಎಂದು ರಾಯಭಾರ ಕಚೇರಿ ಕೊಟ್ಟ ಪತ್ರ ಓದಿ, ತೀರಿಕೊಂಡವರು ಬಳಸಿದ ಸ್ವಂತ ವಸ್ತುಗಳಿಗೆ ಸುಂಕವಿಲ್ಲ ಎಂದ. ನನಗೆ ಅದು ಗೊತ್ತಿತ್ತು. ಪುಸ್ತಿಕೆಯ ಕೊನೆಯಲ್ಲಿದ್ದ ರಿಯಾಯಿತಿ ಅದೇ.

ಒಂದೊಂದಾಗಿ ತೆಗೆದರು. ಅಂಗಿಗಳು, ಬಳಸಿದ್ದು. ಕಿಡಿ ಬಿದ್ದು ತೂತಾದ ಕೈಗವಸು, ಬಳಸಿದ್ದು. ಬೆಸೆಯುವಾಗ ಮುಖಕ್ಕೆ ಹಿಡಿಯುವ ಮುಖವಾಡ. ವೆಲ್ಡಿಂಗ್ ಸೆಟ್ಟಿನ ಹಿಡಿಯಲ್ಲಿದ್ದ ಗುಳಿಯನ್ನು ಅಧಿಕಾರಿ ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿದ. ಎರಡು ವರ್ಷ ತುಂಬಿತ್ತೇ ಎಂದು ಕೇಳಲಿಲ್ಲ. ಅರಿಸಿನದ ಡಬ್ಬಿ ಬಂತು. ನಾನು ಬಾಯಿಗೆ ಅಂಟಿಸಿದ್ದ ಕಾಗದ ಹಾಗೆಯೇ ಇತ್ತು. ನೀನು ತೆರೆದೇ ಇರಲಿಲ್ಲ. ಅವನು ಮೂಸಿ ನೋಡಿ ಈಚೆ ಇಟ್ಟ. ಇಲ್ಲಿಯದೇ, ಸುಂಕವಿಲ್ಲ.

ಕೊನೆಗೆ ಒಂದು ಮಖಮಲ್ಲಿನ ಚೀಲ. ಒಳಗೆ ಕರಡಿಗೆ. ಹೊಳೆಯುತ್ತಿತ್ತು. ಅವನು ಮುಚ್ಚಳ ತೆರೆದ, ಬೆಳಕಿಗೆ ಹಿಡಿದ. ಒಳಗೆ ಏನಿತ್ತು ಎಂದು ಕೇಳಿದ. ಮೊಯ್ದು ಆ ಪ್ರಶ್ನೆಯನ್ನು ಕನ್ನಡಕ್ಕೆ ತರಲಿಲ್ಲ, ನನಗೇ ಅರ್ಥವಾಯಿತು.

"ಬೆಳ್ಳಿ, ಒಸದು ಅಂತವ್ನೆ ಅಕ್ಕ. ಒಡವೆ ರಿಯಾಯಿತಿ ಬದುಕಿ ಬರೋರಿಗಂತೆ, ಸತ್ತೋರಿಗಿಲ್ವಂತೆ. ಆದ್ರೆ ಅವನು ಆಕ್ಕತಿದ್ದ ಅಂದ್ಬುಡಿ ಸಾಕಂತೆ. ಬಳಸಿದ್ದು ಅಂತ ಬರ್ಕತನಂತೆ."

ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದ. ಒಳ್ಳೆಯ ಮುಖ. ಅವ್ವ ಹೇಳಿದಂಥ ಸುಂಕದವನಲ್ಲ. ಸೆಪ್ಟೆಂಬರಿನಲ್ಲಿ ನೀನು ಇವನ ಮುಂದೆ ನಿಂತು ಕೆಮ್ಮಿದ್ದರೂ ಸಾಕಾಗಿತ್ತು ಅನ್ನಿಸಿತು.

"ಅವನು ಹಾಕಿಕೊಂಡಿರಲಿಲ್ಲ" ಎಂದೆ.

"ಅಕ್ಕಾ, ಒಂದ್ ಮಾತು. ಊಂ ಅನ್ನಿ ಸಾಕು."

ಚಿಕ್ಕಪ್ಪನೂ ಅಂದರು, "ಅಂದ್ಬುಡಮ್ಮಿ. ಯಾರಿಗೇನು ನಷ್ಟ?"

ನನಗೆ ಆಗಲಿಲ್ಲ. ಹೌದು, ಬಳಸಿದ್ದ ಎಂದರೆ ಅದರೊಳಗೆ ಲಿಂಗ ಇತ್ತು ಎಂದಾಗುತ್ತದೆ. ಅದು ನಿನ್ನ ಎದೆಯ ಮೇಲಿತ್ತು, ಮೊಯ್ದು ನೋಡಿದ್ದ, ಕೇಳಿದ್ದ, ಚಿಕ್ಕಪ್ಪ ಹೇಳಿದ್ದರು, ಎಲ್ಲೋ ಒಂದು ಕಡೆ ಮಣ್ಣೊಳಗೆ ನೀನು ಕೂತಿದ್ದೀಯ ಎಂದಾಗುತ್ತದೆ. ಬೇರೆ ಯಾವ ಸುಳ್ಳನ್ನಾದರೂ ಹೇಳುತ್ತಿದ್ದೆ. ಹೊಸದು ಎಂದೇ ಬರೆಸಿದೆ. ಸುಂಕ ಕಟ್ಟಿ ರಸೀದಿ ತೆಗೆದುಕೊಂಡೆ.

ಹೊರಗೆ ಬರುವಾಗ ನನ್ನ ಕೊರಳಲ್ಲಿ ನನ್ನ ಲಿಂಗ, ಮಡಿಲಲ್ಲಿ ನಿನ್ನದು. ಬಾಗಿಲಲ್ಲಿ ಪೊಲೀಸರಿದ್ದರು. ಯಾರೂ ಏನೂ ಕೇಳಲಿಲ್ಲ.

ಅಕ್ಕ


ಗುಂಡ್ಲುಪೇಟೆ
14 ಜನವರಿ 1996

ರುದ್ರ,

ಹಬ್ಬಕ್ಕೆ ರಜೆ. ಚಿಕ್ಕಪ್ಪ ಕೋಳಿಗಳನ್ನು ಓಡಿಸಿ ಸೆಟ್ಟನ್ನು ಊಟಿ ರಸ್ತೆಯ ಶೆಡ್ಡಿನಲ್ಲಿ ಇಟ್ಟಿದ್ದಾರೆ. ಕಿತ್ತುಹೋದ ಬಾಗಿಲು ಬೆಸೆಯಿರಿ ಎಂದು ನಿನ್ನೆ ಒಬ್ಬ ಲಾರಿಯವನು ನಿಲ್ಲಿಸಿದ್ದನಂತೆ. "ಕೆಲಸ್ದೋನು ಇನ್ನೂ ಬಂದಿಲ್ಲ ಕಣಪ್ಪ" ಎಂದು ಕಳುಹಿಸಿದರಂತೆ.

ನಾಳೆ ಅವ್ವನ ಸಮಾಧಿಯ ಪಕ್ಕದಲ್ಲಿ ಗುಂಡಿ ತೆಗೆಸುತ್ತಾರೆ. ಒಳಗೆ ಕೂರಿಸುವ ಗೂಡು ಬೇಡ, ಚೊಂಬು ಇಡುವಷ್ಟು ಸಾಕು ಎಂದು ತೆಗೆಯುವವನೇ ಹೇಳಿದ. ಗುರುಸಿದ್ದಯ್ಯನವರು ಬಂದು ಚೊಂಬನ್ನು ನೋಡಿದರು. ಪಾರ್ಸಲ್ ಅಲ್ಲ ಎಂದು ಅಂದದ್ದು ಅವರಿಗೂ ನೆನಪಿತ್ತೋ ಏನೋ, ಅದಕ್ಕೆ ವಿಭೂತಿ ಹಚ್ಚಿ ಕೂತರು. ಲಿಂಗವನ್ನು ಹೊಳೆಗೆ ಬಿಡಬಹುದು ಎಂದರು ಕೊನೆಗೆ. ಚಿಕ್ಕಪ್ಪ, "ಆ ಒಸ ಕರಡಿಗೇಲಿ ಮಡಗಿ ಚೊಂಬಿನ ಮೇಲೆ ಇಟ್ಬುಡನ" ಎಂದರು. ಎರಡಕ್ಕೂ ನಾನು ತಲೆಯಾಡಿಸಲಿಲ್ಲ.

ಈಗ ಹಳೆಯ ಕರಡಿಗೆಯ ದಾರ ಬಿಚ್ಚಿದ್ದೇನೆ. ನೀನು ಹೋದಮೇಲೆ ಇದೇ ಮೊದಲು. ನೀನು ಬೆರಳಲ್ಲಿ ಆ ಅಕ್ಕಸಾಲಿಗನಿಗೆ ತೋರಿಸಿದ ಅಳತೆ ಸರಿಯಾಗಿಯೇ ಇದೆ. ಹೊಸದರಲ್ಲಿ ಇಟ್ಟು ನೋಡಿದೆ, ಅಲುಗುವುದಿಲ್ಲ. ಮತ್ತೆ ತೆಗೆದೆ.

ಎಡಗೈಯಲ್ಲಿ ಇಡಬೇಕು ಎಂದು ಎಲ್ಲರಿಗೂ ಗೊತ್ತಿದೆ. ನನಗೂ ಗೊತ್ತಿದೆ. ನಾಳೆ ಗುರುಸಿದ್ದಯ್ಯನವರು ಇಡಮ್ಮ ಎಂದಾಗ ನಾನು ಯಾವ ಕೈಯಲ್ಲಿ ಇಡಲಿ, ರುದ್ರ?